ಫ್ರಿಜ್ ಮೇಲಿನ ಚೀಟಿ

2017ರ ಮಾರ್ಚ್. ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ರಕ್ತದ ಕ್ಯಾನ್ಸರಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಕೀಮೋಥೆರಪಿಯೂ ನಡೆದಿತ್ತು. ಮಡಿವಾಳದ ನಮ್ಮ ಮನೆಯಿಂದ ಹೊಸೂರು ರಸ್ತೆ ಹಿಡಿದು ಡೈರಿ ಸರ್ಕಲ್ ದಾಟಿದರೆ ಆಸ್ಪತ್ರೆ ಸಿಗುತ್ತದೆ. ದೂರದ ನೆಪ ಹೇಳುವ ಹಾಗಿಲ್ಲ.

ಔಷಧಿ ಕೊಟ್ಟು ಹತ್ತನೆಯ ದಿನ ಸಂಜೆ ಹುಡುಗ ಹೊಟ್ಟೆ ಹಿಡಿದುಕೊಂಡು ಬಂದ. ಮೈ ಮುಟ್ಟಿದರೆ ಬಿಸಿ, 101 ಡಿಗ್ರಿ. ಹಿಂದಿನ ದಿನ ಕದ್ದು ತಿಂದ ಗೋಬಿ ಮಂಚೂರಿಯ ಫಲ ಎಂದು ಬೈದೆ. ಜ್ವರದ ಮಾತ್ರೆ ಕೊಟ್ಟೆ. ಜ್ವರ ಇಳಿಯಿತು. 'ನೋಡು, ಓದಬಹುದಲ್ಲ' ಎಂದೆ. 100.4 ದಾಟಿದರೆ ಮಾತ್ರೆ ನುಂಗಿಸದೆ ಕೂಡಲೇ ಕರೆತನ್ನಿ ಎಂದು ವೈದ್ಯರು ಬರೆದುಕೊಟ್ಟ ಚೀಟಿ ಫ್ರಿಜ್ ಮೇಲಿತ್ತು. ಅದರ ಮೇಲೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿದವಳೂ ನಾನೇ.

ರಾತ್ರಿ ಮೂರಕ್ಕೆ ಬಲಗಡೆ ಕೆಳಹೊಟ್ಟೆ ಮುಟ್ಟಗೊಡಲಿಲ್ಲ. ಅಪೆಂಡಿಕ್ಸ್ ಇರಬೇಕು ಎಂದರು ಪಕ್ಕದ ಮನೆಯವರು. ಮಾರುಕಟ್ಟೆಯ ತರಕಾರಿ ಲಾರಿಗಳ ನಡುವೆ ಆಟೋ ಓಡಿತು.

ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕನಿಷ್ಠ 1500 ಇರಬೇಕು, 500ಕ್ಕಿಂತ ಇಳಿದರೆ ಅಪಾಯ. ಅವನಲ್ಲಿ ಇದ್ದದ್ದು 200. ಕರುಳಿನ ಗೋಡೆ 4 ಮಿಲಿಮೀಟರು ದಾಟಿದರೇ ವೈದ್ಯರಿಗೆ ಅನುಮಾನ. ಸ್ಕ್ಯಾನಿನಲ್ಲಿ 9 ಕಂಡಿತು. ದೊಡ್ಡಕರುಳು ಶುರುವಾಗುವ ಕಡೆಯ ಚೀಲದ ಈ ಉರಿಯೂತಕ್ಕೆ ಟಿಫ್ಲೈಟಿಸ್ ಎನ್ನುತ್ತಾರೆ. ಒಂದು ತುದಿ ಮುಚ್ಚಿದ ಚೀಲವಾದ್ದರಿಂದ 'ಕುರುಡು' ಎಂಬ ಗ್ರೀಕ್ ಪದದಿಂದ ಬಂದ ಹೆಸರಂತೆ. ನನಗೋ ಅದು ನನ್ನನ್ನೇ ಕರೆದಂತೆ ಕೇಳಿಸಿತು.

ಕ್ಯಾನ್ಸರ್ ಔಷಧಿ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕರುಳಿನ ಒಳಪೊರೆ ಗಾಯವಾಗುತ್ತದೆ, ಕಾವಲಿನ ಬಿಳಿಕಣಗಳೂ ಸಾಯುತ್ತವೆ. ಆಗ ನಮ್ಮ ಕರುಳಿನಲ್ಲೇ ಸುಮ್ಮನೆ ಬದುಕಿದ್ದ ಬ್ಯಾಕ್ಟೀರಿಯಾ ಗೋಡೆ ಹೊಕ್ಕು, ರಕ್ತಕ್ಕೂ ಇಳಿಯಬಹುದು. ಕೀವಾಗಲೂ ಆ ಕಣಗಳೇ ಬೇಕು; ಹಾಗಾಗಿ ಒಳಗೆ ಬೆಂಕಿ ಬಿದ್ದರೂ ಹೊರಗೆ ಹೊಗೆ ಕಡಿಮೆ. ಜ್ವರವೊಂದೇ ಕೂಗುತ್ತದೆ. ಅದರ ಬಾಯನ್ನೂ ನಾನು ಮಾತ್ರೆ ಕೊಟ್ಟು ಮುಚ್ಚಿದ್ದೆ. ಅಂಗ ಕಸಿ ಮಾಡಿಸಿಕೊಂಡವರಲ್ಲೂ ಏಡ್ಸ್ ರೋಗಿಗಳಲ್ಲೂ ಇದು ಬರುವುದುಂಟು.

ಬಾಯಿಗೆ ಹನಿ ನೀರಿಲ್ಲ. ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್, ದ್ರವ. ಸರ್ಜನ್ ದಿನವೂ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಕರುಳು ತೂತಾದರೆ, ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಕತ್ತಿ ಎಂದರು. ಕಣಗಳ ಎಣಿಕೆ ಏರುವ ತನಕ ಕಾಯುವುದೇ ಕೆಲಸ. ಒಂಬತ್ತನೆಯ ದಿನ ಏರಿತು. ಎರಡು ಚಮಚ ಗಂಜಿ ಕುಡಿದ.

ಪರೀಕ್ಷೆಯನ್ನು ಜೂನ್‌ನಲ್ಲಿ ಬರೆದ. ಮನೆಗೆ ಬಂದ ದಿನವೇ ಹಳೆಯ ವೇಳಾಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತ. ಕೆಳಗಿನ ಚೀಟಿ ಹರಿಯಲಿಲ್ಲ.