ಹಾಡುವ ಕಂಬಗಳು

ಲೌಡ್‌ಸ್ಪೀಕರ್ ಎಂಬ ಶಬ್ದಕ್ಕೆ ನಮ್ಮ ಊರುಗಳಲ್ಲಿ ಒಳ್ಳೆಯ ಹೆಸರಿಲ್ಲ. ಮದುವೆಯ ಚಪ್ಪರ, ಜಾತ್ರೆಯ ಬೀದಿ, ಚುನಾವಣೆಯ ಜೀಪು ಇವೇ ಅದರ ವಾಸಸ್ಥಾನಗಳು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದು ಬಾಯಿ ಮುಚ್ಚಿಕೊಂಡಿರಬೇಕೆಂದು 2000ದಲ್ಲಿ ಸರ್ಕಾರವೇ ನಿಯಮ ಮಾಡಬೇಕಾಯಿತೆಂದರೆ ಅದರ ಕೀರ್ತಿ ಎಷ್ಟರದೆಂಬುದನ್ನು ವಾಚಕರು ಊಹಿಸಬಹುದು. ಹೀಗಿರುವಾಗ, ಮನೆಗೆ ಒಂದು ಜೊತೆ ಲೌಡ್‌ಸ್ಪೀಕರು ತರಬೇಕೆಂದಿದ್ದೇನೆ ಎಂದು ನಾನು ಹೇಳಿದಾಗ, ನನ್ನಾಕೆ ಅಡುಗೆಮನೆಯಿಂದಲೇ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: “ಯಾರ ಮದುವೆ?”

ಮದುವೆ ಯಾರದೂ ಇರಲಿಲ್ಲ. ಕಾರಣ ನಮ್ಮ ತಾಯಿ. ಆಕೆಯ ತವರು ಹುಮನಾಬಾದ. ಆ ಊರಿಗೆ ಅಂಟಿಕೊಂಡೇ ಮಾಣಿಕನಗರವಿದೆ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಕ್ಷೇತ್ರ. ಪ್ರಭುಗಳು ಸ್ವತಃ ಪದಗಳನ್ನು ರಚಿಸಿದವರು. ಸಂಗೀತವನ್ನು ಸೇವೆಯೆಂದು ಕಂಡವರು. ಮಾರ್ಗಶಿರದ ದತ್ತ ಜಯಂತಿಗೆ ಅಲ್ಲಿ ನಡೆಯುವ ದರ್ಬಾರಿನಲ್ಲಿ ದೂರದೂರದ ಗವಾಯಿಗಳು ಬಂದು ಹಾಡಿ ಹೋಗುವುದು ಇಂದಿಗೂ ನಡೆದುಕೊಂಡು ಬಂದಿದೆ. ಕಲ್ಯಾಣಕ್ಕೆ ಸೊಸೆಯಾಗಿ ಬಂದ ಮೇಲೂ ನಮ್ಮ ತಾಯಿ ಆ ರಾತ್ರಿಯನ್ನು ತಪ್ಪಿಸಿದ್ದಿಲ್ಲ. ಬುತ್ತಿ ಕಟ್ಟಿಕೊಂಡು, ಕಂಬಳಿ ಹೊದ್ದು, ಬೆಳಗಿನ ಭೈರವಿಯವರೆಗೆ ಕುಳಿತು ಕೇಳುವಾಕೆ. ಈಗ ಎಂಬತ್ತು ದಾಟಿದ ಮೊಣಕಾಲುಗಳು ಅದಕ್ಕೆ ಒಪ್ಪುವುದಿಲ್ಲ. ಆಕೆ ಹೋಗಲಾರದ ಮೂರನೆಯ ವರ್ಷ, ಆ ರಾತ್ರಿ ದೀಪ ಆರಿಸಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸಲೆಂದು ಕೂಡಿಟ್ಟ ಹಣದ ಮೇಲೆ ನನ್ನ ಕಣ್ಣು ಬಿದ್ದದ್ದು ಆಗ.

ಸಂಗೀತವನ್ನು ಮನೆಗೆ ಕರೆಸಿಕೊಳ್ಳುವ ಆಸೆ ಕಲ್ಯಾಣಕ್ಕೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತವಿನೋದಕ್ಕೂ ವಾದ್ಯವಿನೋದಕ್ಕೂ ಬೇರೆಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟ. ಅವನ ಮಗ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ಬರೆದ. ಆದರೆ ಅರಸರು ಗಾಯಕರನ್ನೇ ಕರೆಸುತ್ತಿದ್ದರು. ನಮ್ಮಂಥವರ ಪಾಲಿಗೆ ಬಂದದ್ದು ಗಾಯಕರ ದನಿ ಮಾತ್ರ. ಕಲಕತ್ತೆಯಲ್ಲಿ ಗೌಹರ್ ಜಾನಳ ಕಂಠವನ್ನು 1902ರಲ್ಲಿ ತಟ್ಟೆಗೆ ಇಳಿಸಿದಂದಿನಿಂದ ಆ ದನಿ ಮನೆಮನೆಗೆ ಬರತೊಡಗಿತು. ನಮ್ಮ ಮನೆಗೆ ಅದು ಬಂದದ್ದು ರೇಡಿಯೋದ ಮೂಲಕ. ಗುಲ್ಬರ್ಗಾದಲ್ಲಿ 1966ರಲ್ಲಿ ಆಕಾಶವಾಣಿ ನಿಲಯವಾದ ಮೇಲಂತೂ ನಮ್ಮ ಸಂಜೆಗಳು ಅದರವೇ. ಆ ರೇಡಿಯೋದ ಹೊಟ್ಟೆಯಲ್ಲಿದ್ದ ಸ್ಪೀಕರು ಅಂಗೈಯಗಲದ್ದು. ಅಷ್ಟು ಸಣ್ಣ ಕಾಗದದ ತಟ್ಟೆ ತಂಬೂರಿಯ ಖರಜವನ್ನಾಗಲಿ, ತಬಲದ ಎಡಗೈ ಗುಮುಕನ್ನಾಗಲಿ ಕೊಡುವಷ್ಟು ಗಾಳಿಯನ್ನು ನೂಕಲಾರದು. ಈಗಿನ ಮೊಬೈಲು ಫೋನಿನದೂ ಅದೇ ಗತಿ. ನಾವು ಕೇಳಿದ್ದು ಹಾಡಿನ ಮೇಲ್ಭಾಗವನ್ನಷ್ಟೆ. ಬುಡವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದೆವು.

ನಾನು ತಂದದ್ದು ಕೆಇಎಫ್ ಎಂಬ ಹೆಸರಿನವು. ರೇಮಂಡ್ ಕುಕ್ ಎಂಬ ಇಂಜಿನಿಯರು 1961ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಎಂಬಲ್ಲಿ ತೆರೆದ ಕಾರ್ಖಾನೆ ಅದು. ನೆಲದ ಮೇಲೆ ತಾವೇ ನಿಲ್ಲುವ, ಎದೆಮಟ್ಟದ ಎರಡು ಪೆಟ್ಟಿಗೆಗಳು. ಒಂದನ್ನು ಎತ್ತಲು ಇಬ್ಬರು ಬೇಕು. ಹೆಣ್ಣುದನಿಯ ಮೊನೆಯನ್ನೂ ಝಾಂಜಿನ ಝೇಂಕಾರವನ್ನೂ ನುಡಿಸುವ ಸಣ್ಣ ಗುಮ್ಮಟವನ್ನು ನಡುದನಿಯ ಶಂಕುವಿನ ನಟ್ಟನಡುವೆ ಕೂಡಿಸಿರುವುದು ಅವುಗಳ ವಿಶೇಷ. ಎರಡು ದನಿಗಳೂ ಒಂದೇ ಬಿಂದುವಿನಿಂದ ಹೊರಡುವುದರಿಂದ ಹಾಡುವವನ ಬಾಯಿ ಒಂದೇ ಕಡೆ ಇರುವಂತೆ ತೋರುತ್ತದೆ. ಕೆಳದನಿಗೆ ಬೇರೆ ಶಂಕುಗಳಿವೆ. ಬೆಲೆ ಕೇಳಬೇಡಿ, ಅಂಪ್ಲಿಫೈಯರೂ ಸೇರಿ ಒಂದು ಸಣ್ಣ ಕಾರಿನಷ್ಟಾಯಿತೆಂದರೆ ಸಾಕು. ಪಡಸಾಲೆಗೆ ಬಂದ ನೆರೆಮನೆಯ ಹಿರಿಯರು ಅವನ್ನು ಸುತ್ತಿ ನೋಡಿ, “ಮನೆಗೆ ಕಂಬ ಕಮ್ಮಿ ಬಿದ್ದಿದ್ದವೇನು?” ಎಂದರು.

ಪೆಟ್ಟಿಗೆ ತಂದ ಹುಡುಗರು ಅವನ್ನು ಹಿಂಗೋಡೆಗೆ ತಾಗಿಸಿ ನಿಲ್ಲಿಸಿ ಹೋದರು. ಹಚ್ಚಿದರೆ ತಬಲದ ಒಂದೊಂದು ಪೆಟ್ಟೂ ಖಾಲಿ ಹಗೇವಿನಲ್ಲಿ ಕೂಗಿದಂತೆ ಬುಂಯ್ಯೆಂದಿತು. ಇದರ ಲೆಕ್ಕ ಸರಳವಾದದ್ದು. ಸೆಕೆಂಡಿಗೆ 70 ಕಂಪನಗಳ ಸ್ವರಕ್ಕೆ ಗಾಳಿಯಲ್ಲಿ ಅಲೆಯ ಉದ್ದ ಸುಮಾರು 16 ಅಡಿ. ನಮ್ಮ ಪಡಸಾಲೆಯ ಉದ್ದವೂ 16 ಅಡಿ. ಕೋಣೆಯ ಅಳತೆಗೆ ಸರಿಹೊಂದಿದ ಸ್ವರ ಗೋಡೆಯಿಂದ ಗೋಡೆಗೆ ಬಡಿದು, ಉಳಿದೆಲ್ಲ ಸ್ವರಗಳನ್ನೂ ಮೆಟ್ಟಿ ನಿಲ್ಲುತ್ತದೆ. ಸ್ಪೀಕರು ಗೋಡೆಗೆ ಹತ್ತಿದಷ್ಟೂ ಅದರ ಅಬ್ಬರ ಹೆಚ್ಚು. ಪೆಟ್ಟಿಗೆಗಳನ್ನು ಅಂಗುಲ ಅಂಗುಲವಾಗಿ ಸರಿಸಿ ಮೂರೂವರೆ ಅಡಿ ಮುಂದಕ್ಕೆ ತಂದಾಗ ಗುಮುಕು ತನ್ನ ಮನೆಯನ್ನು ಸೇರಿತು. ಶಹಾಬಾದ ಕಲ್ಲಿನ ನೆಲದಿಂದ ಪುಟಿಯುವ ದನಿಗೆ ಒಂದು ಜಮಖಾನೆ ಹಾಸಿದೆವು. ಎರಡೂ ಪಕ್ಕದ ಬರಿಗೋಡೆಗಳಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ನನ್ನಾಕೆ, ತಾಯಿಯವರು ಹಳೆಯ ಸೀರೆಗಳಿಂದ ಹೊಲಿದ ಎರಡು ಕೌದಿಗಳನ್ನು ತಂದು ತೂಗುಹಾಕಿದಳು. ಪರದೇಶದ ಪೆಟ್ಟಿಗೆ ಆ ಕೌದಿಗಳ ನಡುವೆ ನಿಂತ ಮೇಲೆಯೇ ನಿಜವಾಗಿ ಹಾಡತೊಡಗಿತು. ಮದುವೆಯ ಪ್ರಶ್ನೆಯೂ ಅಂದಿಗೆ ಮುಗಿಯಿತು.

ಒಂದು ವರ್ಷ ಕೇಳಿದ ಮೇಲಿನ ಅನುಭವವನ್ನು ಹೇಳುತ್ತೇನೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠದ ಕೆಳಸಪ್ತಕ ಎಂಥದೆಂಬುದು ರೇಡಿಯೋದಲ್ಲಿ ನನಗೆ ಅರ್ಧವೇ ತಿಳಿದಿತ್ತು. ಈಗ ಅದು ನೆಲದಿಂದ ಎದ್ದು ಬರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ತಾನು ಮುಗಿಸಿ ಸಮ್ಮಿಗೆ ಬರುವ ಮುನ್ನ ಎಳೆದುಕೊಳ್ಳುವ ಉಸಿರು ಕೇಳಿಸುತ್ತದೆ. ತಂಬೂರಿಯ ನಾಲ್ಕು ತಂತಿಗಳನ್ನು ಎಣಿಸಬಹುದು. ಇಷ್ಟೆಲ್ಲ ದನಿಯನ್ನು ಏರಿಸದೆಯೇ! ಒಳ್ಳೆಯ ಸ್ಪೀಕರಿನ ಗುಣ ಕಂಡುಬರುವುದು ಮೆಲುದನಿಯಲ್ಲಿ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದಾಗಲೂ ಹಾಡು ಇಡಿಯಾಗಿ ಉಳಿಯುತ್ತದೆ. ಅದರ ಜೊತೆಗೆ ಒಂದು ನಿಷ್ಠುರ ಸ್ವಭಾವವೂ ಇದೆ: ಕೆಟ್ಟ ಧ್ವನಿಮುದ್ರಣವನ್ನು ಅದು ಮುಚ್ಚಿಡುವುದಿಲ್ಲ. ನಾನು ಪ್ರೀತಿಸುತ್ತಿದ್ದ ಎಷ್ಟೋ ಹಳೆಯ ಮುದ್ರಿಕೆಗಳ ಕರಕರ ಈಗ ಹಾಡಿನಷ್ಟೇ ಸ್ಪಷ್ಟ. ಬೇಸಿಗೆಯಲ್ಲಿ ವಿದ್ಯುತ್ತು ಏರಿಳಿಯುವ ನಮ್ಮ ಕಡೆ ಸ್ಟೆಬಿಲೈಸರ್ ಇಲ್ಲದೆ ಇವುಗಳ ಸಹವಾಸ ಸಲ್ಲದು. ಧೂಳಿಗೆ ಪ್ರತಿದಿನ ಮೆತ್ತನೆಯ ಕುಂಚ ಆಡಿಸಬೇಕು.

ನಮ್ಮ ತಾಯಿಯ ತೀರ್ಪು ಬೇರೆಯಾಗಿತ್ತು. ಮೊದಲ ದಿನ ಆಕೆ ಕಣ್ಣು ಮುಚ್ಚಿ ಒಂದು ಗಂಟೆ ಕೇಳಿದಳು. ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಒಂದು ಕಡೆ ತಾನು ಕಟ್ಟಿಕೊಂಡು ಬಂದು ಸಮ್ಮಿನ ಮೇಲೆ ನಿಂತಾಗ, ದರ್ಬಾರಿನಲ್ಲಿ ಕುಳಿತಂತೆ ಕೈಯೆತ್ತಿ “ವಾಹವಾ” ಎಂದಳು. ಹಾಡು ಮುಂದೆ ಹೋಯಿತು. ಆಕೆ ಕಣ್ಣು ತೆರೆದು ಆ ಎರಡು ಪೆಟ್ಟಿಗೆಗಳನ್ನೂ ನೋಡಿ ಹೇಳಿದಳು: “ಇಂವ ಹಾಡಲತ್ತಾನ, ಖರೆ. ಆದ್ರ ನಾವು ವಾಹವಾ ಅಂದ್ರ ಇವಗ ಕೇಳಂಗಿಲ್ಲಲ್ಲಪ್ಪಾ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದರ್ಬಾರಿನಲ್ಲಿ ಗವಾಯಿ ಒಂದು ಸ್ವರವನ್ನು ಎರಡನೆಯ ಸಲ ಇನ್ನಷ್ಟು ಚೆಲುವಾಗಿ ಹಚ್ಚುವುದು ಎದುರಿಗೆ ಕುಳಿತ ಯಾರೋ ತಲೆದೂಗಿದರೆಂದು. ಕಂಬಳಿ ಹೊದ್ದ ಆ ಮುದುಕಿಯರೂ ಹಾಡಿನಲ್ಲಿ ಪಾಲುಗಾರರೇ. ಎಷ್ಟು ಹಣ ಕೊಟ್ಟು ತಂದರೂ ಪೆಟ್ಟಿಗೆ ಆ ಪಾಲನ್ನು ಕೊಡಲಾರದು. ನಮ್ಮ ತಾಯಿಗೆ ತಪ್ಪಿದ್ದು ಕೇಳುವ ಸುಖವೆಂದು ನಾನು ತಿಳಿದಿದ್ದೆ. ಆಕೆಗೆ ಬೇಕಾಗಿದ್ದದ್ದು ಕೇಳುಗಳಾಗಿ ಕುಳಿತುಕೊಳ್ಳುವ ಸ್ಥಾನ.

ಹಾಗೆಂದು ಹಣ ವ್ಯರ್ಥವಾಯಿತೆಂದು ನಾನು ಹೇಳಲಾರೆ. ದಿನವೂ ಸಂಜೆ ಒಂದು ಗಂಟೆ ಕೇಳಿಕೇಳಿ ಆಕೆಯ ಆಸೆ ಮತ್ತೆ ಚಿಗುರಿತು. ಕಳೆದ ದತ್ತ ಜಯಂತಿಯಂದು ತಾನಾಗಿಯೇ, “ಪೂರಾ ರಾತ್ರಿ ಬ್ಯಾಡ, ಒಂದ್ ತಾಸು ಕರ್ಕೊಂಡ್ ಹೋಗು” ಎಂದಳು. ಕಾರಿನಲ್ಲಿ ಮಡಿಚುವ ಕುರ್ಚಿಯೊಂದನ್ನು ಹಾಕಿಕೊಂಡು ಹೆದ್ದಾರಿ ಹಿಡಿದೆವು. ಒಂದು ತಾಸಿಗೆಂದು ಹೋದವರು ಮೂರು ತಾಸು ಕುಳಿತೆವು. ಎಳೆಯ ಗಾಯಕನೊಬ್ಬ ಹಾಡುತ್ತಿದ್ದ. ನಮ್ಮ ತಾಯಿ “ವಾಹವಾ” ಎಂದಾಗ ಅವನು ಈ ಕಡೆ ತಿರುಗಿ, ಹಾಡುತ್ತಲೇ ತಲೆಬಾಗಿದ.

ಈಗ ಯಾರಾದರೂ ಇಂಥ ಸ್ಪೀಕರು ಕೊಳ್ಳಬೇಕೆಂದು ನನ್ನ ಬಳಿ ಬಂದರೆ ಮೊದಲು ಅವರ ಕೋಣೆಯನ್ನು ಅಳೆಯಲು ಹೇಳುತ್ತೇನೆ. ಅಂಗಡಿಯವನ ಪದಗಳನ್ನು ಬಿಟ್ಟು, ನೀವು ನೂರು ಸಲ ಕೇಳಿ ಬಲ್ಲ ಹಾಡನ್ನೇ ಒಯ್ದು ಹಚ್ಚಿಸಿ ಕೇಳಿರಿ ಎನ್ನುತ್ತೇನೆ. ಆಮೇಲೆ, ಮನೆಯಲ್ಲಿ ಹಳೆಯ ಕೌದಿಗಳಿವೆಯೇ ಎಂದು ವಿಚಾರಿಸುತ್ತೇನೆ. ಮಾಳಿಗೆಯ ಕೋಣೆಗಳು ಇನ್ನೂ ಎದ್ದಿಲ್ಲ. ಅವು ಏಳುವ ತನಕ ನಾವೆಲ್ಲ ಪಡಸಾಲೆಯಲ್ಲೇ ಒಟ್ಟಿಗೆ ಕುಳಿತುಕೊಳ್ಳುತ್ತೇವೆ.