ಬಾಡಿಗೆಯೂ ರಸೀತಿಯೂ

ಬಾಡಿಗೆ ಮನೆಯಲ್ಲಿರುವವನಿಗೆ ಹಣ ಹೊಂದಿಸುವುದು ಒಂದು ಚಿಂತೆಯಾದರೆ, ಕೊಟ್ಟೆನೆಂದು ಸಾಧಿಸುವುದು ಅದಕ್ಕೂ ಮಿಗಿಲಾದ ಚಿಂತೆ. ತಾಳವಾಡಿ ಸೀಮೆಯ ಶಾಲೆಗಳಿಗೆ ವರ್ಗವಾಗಿ ಬಂದ ಉಪಾಧ್ಯಾಯರು ಇದನ್ನು ಬಲ್ಲರು. ಮನೆಯ ಯಜಮಾನರು ಸತ್ಯಮಂಗಲದಲ್ಲಿದ್ದರೆ, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಬಾಡಿಗೆ ಕೊಟ್ಟುಬರುವಷ್ಟರಲ್ಲಿ ಒಂದು ದಿನದ ಪಾಠ ಹೋದಂತೆಯೇ.

1990ರ ದಶಕದಲ್ಲಿ ನಮಗಿದ್ದ ದಾರಿ ಮನಿಯಾರ್ಡರು. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿಯಂತೆ ಕಮಿಷನ್ ತೆರಬೇಕಾಗುತ್ತಿತ್ತು. ಬಡ ಸಂಬಳದವನಿಗೆ ಅದು ಹಗುರವೇನಲ್ಲ. ಆದರೆ ಕೂಪನ್ನಿನಲ್ಲಿ ‘ಇಂಥ ತಿಂಗಳ ಬಾಡಿಗೆ’ ಎಂದು ಬರೆದು ಕಳುಹಿಸಿದರೆ, ಯಜಮಾನರ ರುಜುವಿರುವ ಚೀಟಿ ಅಂಚೆಯಲ್ಲೇ ಮರಳಿ ಬರುತ್ತಿತ್ತು.

ಆ ಚೀಟಿಯ ಬೆಲೆ ನನ್ನ ಸಹೋದ್ಯೋಗಿಯೊಬ್ಬರಿಗೆ ತಿಳಿದದ್ದು ಮನೆಯನ್ನೇ ಕಳೆದುಕೊಳ್ಳುವ ಹೊತ್ತಿನಲ್ಲಿ. ಅವರನ್ನು ಬಿಡಿಸಬೇಕೆಂದಿದ್ದ ಯಜಮಾನರು ಮೂರು ತಿಂಗಳು ಬಾಡಿಗೆಯನ್ನೇ ಮುಟ್ಟದೆ, ಬಳಿಕ ‘ಬಾಕಿ’ ಎಂದು ನೋಟೀಸು ಕೊಟ್ಟರು. ಆಗ ಜಾರಿಯಲ್ಲಿದ್ದ ತಮಿಳುನಾಡಿನ 1960ರ ಬಾಡಿಗೆ ನಿಯಂತ್ರಣ ಕಾಯಿದೆಯ ಎಂಟನೆಯ ಕಲಮು ಇದಕ್ಕೆ ದಾರಿ ಹೇಳಿತ್ತು. ಹಣ ಜಮಾ ಮಾಡಲು ಬ್ಯಾಂಕೊಂದನ್ನು ಹತ್ತು ದಿನದೊಳಗೆ ಸೂಚಿಸಿರೆಂದು ಲಿಖಿತವಾಗಿ ಕೇಳುವುದು. ಸೂಚಿಸದಿದ್ದರೆ, ಕಮಿಷನ್ ಕಳೆದು, ಮನಿಯಾರ್ಡರು ಮಾಡುವುದು. ಅದನ್ನೂ ಒಲ್ಲೆನೆಂದರೆ ಅಧಿಕಾರಿಯ ಮುಂದೆ ಠೇವಣಿಯಿಡುವುದು. ಯಜಮಾನರು ನಿರಾಕರಿಸಿದರೆಂದು ಅಂಚೆಯವನು ಬರೆದು ಮರಳಿಸಿದ ಫಾರಮುಗಳೇ ಅವರ ಮನೆಯನ್ನು ಉಳಿಸಿದವು. ಆ ಕಾಯಿದೆ 2019ರಲ್ಲಿ ಹೋಗಿ ಹೊಸದು ಬಂದಿದೆ. ಬರವಣಿಗೆಯ ಆಧಾರ ಬೇಕೆಂಬುದು ಮಾತ್ರ ಹೋಗಿಲ್ಲ.

2016ರಲ್ಲಿ ಯುಪಿಐ ಬಂದ ಮೇಲೆ ತರುಣ ಉಪಾಧ್ಯಾಯರು ಶಾಲೆಯ ಜಗಲಿಯಲ್ಲೇ ಕಮಿಷನ್ನಿಲ್ಲದೆ ಬಾಡಿಗೆ ಕಳುಹಿಸುತ್ತಾರೆ. ಒಳ್ಳೆಯದೇ. ಆದರೆ ಎಷ್ಟು ಮಂದಿ ಟಿಪ್ಪಣಿಯ ಜಾಗದಲ್ಲಿ ತಿಂಗಳ ಹೆಸರು ಬರೆಯುತ್ತಾರೆ? ಬರಿಯ ಮೊತ್ತವನ್ನು ಕೈಸಾಲ ತೀರಿಸಿದ್ದೆಂದೂ ಹೇಳಬಹುದಷ್ಟೆ! ತೆರೆಯ ಮೇಲೆ ಬರುವ ಹೆಸರು ಯಜಮಾನರದೋ ಎಂದು ನೋಡದೆ ಗುಂಡಿಯೊತ್ತುವ ಆತುರವೂ ಸಲ್ಲದು. ನಮ್ಮ ಕಾಡಿನಂಚಿನಲ್ಲಿ ಸಿಗ್ನಲ್ ಹೋಗಿ ಹಣ ನಡುವೆ ನಿಂತರೆ ಗಾಬರಿಯಿಂದ ಮತ್ತೆ ಕಳುಹಿಸಬಾರದು. ರಿಸರ್ವ್ ಬ್ಯಾಂಕಿನ 2019ರ ಆದೇಶದಂತೆ, ಖಾತೆಯಿಂದ ಹೋಗಿ ಅತ್ತ ಸೇರದ ಹಣ ಮಾರನೆಯ ದಿನದೊಳಗೆ ಹಿಂದಿರುಗಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ನಮ್ಮ ಶಾಲೆಯ ಹೊಸಬರೊಬ್ಬರಿಗೆ ಇಷ್ಟನ್ನೂ ಹೇಳಿದಾಗ, “ಎಲ್ಲವೂ ಫೋನಿನಲ್ಲೇ ಇರುತ್ತದಲ್ಲ ಸಾರ್” ಎಂದು ನಕ್ಕರು. ಫೋನು ಕೆಡುವುದೂ ಉಂಟಲ್ಲವೇ ಎಂದೆ. ಈಗ ಅವರ ಪಾಠದ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ, ತಿಂಗಳಿಗೊಂದರಂತೆ, ಹನ್ನೆರಡಂಕಿಯ ಸಂಖ್ಯೆಗಳು ಸಾಲಾಗಿ ಕುಳಿತಿವೆ.