ಬೆಳ್ಳಿಯ ಕಿವಿ

ನಮ್ಮ ಮನೆ ಬೆಕ್ಕಿಗೆ ಈಗ ಒಂದೂವರೆ ಕಿವಿ. ಹರದನಹಳ್ಳಿಯ ನಮ್ಮ ಬೀದಿಗೆ ಬರುವ ನೆಂಟರೆಲ್ಲ ‘ನಾಯಿ ಕಚ್ತಾ?’ ಅಂತ ಕೇಳುತ್ತಾರೆ. ‘ಇಲ್ಲ, ಕ್ಯಾನ್ಸರ್ ಆಗಿತ್ತು, ಆಪರೇಷನ್ ಮಾಡಿಸಿದ್ವಿ’ ಅಂದರೆ ನಗುತ್ತಾರೆ. ನಗುವವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬೆಳ್ಳಿ ಅಚ್ಚ ಬಿಳಿ ಬೆಕ್ಕು. ವಯಸ್ಸು ಒಂಬತ್ತು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹಾಜರು. ಆಮೇಲೆ ಹಂಚಿನ ಮೇಲೆ ಹತ್ತಿ ಮಲಗಿದರೆ ಇಳಿಯುತ್ತಿದ್ದುದು ಮಧ್ಯಾಹ್ನದ ಊಟಕ್ಕೆ. ಬಿಸಿಲು ಅಂದರೆ ಅದಕ್ಕೆ ಪ್ರಾಣ.

ಸಂಕ್ರಾಂತಿ ಹೊತ್ತಿಗೆ ಎಡಗಿವಿಯ ತುದಿ ಕೆಂಪಾಗಿತ್ತು. ಆಮೇಲೆ ಹಕ್ಕಳೆ ಕಟ್ಟಿತು. ಹಕ್ಕಳೆ ಉದುರಿತು, ರಕ್ತ ಬಂತು, ಮತ್ತೆ ಕಟ್ಟಿತು. ಗಂಡು ಬೆಕ್ಕಿನ ಜೊತೆ ಕಿತ್ತಾಡಿರಬೇಕು ಅಂದುಕೊಂಡೆವು. ಅಮ್ಮ ಅರಿಶಿನ ಹಚ್ಚಿದರು. ನಾನು ಹಸುವಿಗೆ ತಂದಿಟ್ಟಿದ್ದ ಮುಲಾಮು ಹಚ್ಚಿದೆ. ಯುಗಾದಿ ಕಳೆದರೂ ಮಾಯಲಿಲ್ಲ. ಕಿವಿಯ ಅಂಚು ಇಲಿ ತಿಂದ ಚೀಲದ ಹಾಗೆ ಸವೆಯುತ್ತಾ ಬಂತು.

ಕೊನೆಗೆ ಟೊಮೆಟೊ ಕ್ರೇಟಿನೊಳಗೆ ಕೂರಿಸಿ, ಮೇಲೊಂದು ಕ್ರೇಟ್ ಮುಚ್ಚಿ, ಹಗ್ಗ ಬಿಗಿದು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಟೆ. ಹೊಳೆನರಸೀಪುರದಲ್ಲಿ ಬಸ್ ಬದಲಿಸುವಾಗ ಒಬ್ಬರು, ‘ಬೆಕ್ಕಿಗೂ ಆಸ್ಪತ್ರೆನಾ? ಮನುಷ್ಯರಿಗೇ ಗತಿ ಇಲ್ಲ’ ಅಂದರು. ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಜೇಬಿನಲ್ಲಿದ್ದುದು ಅಮ್ಮನ ಡೈರಿ ಬಟವಾಡೆ ದುಡ್ಡು.

ಡಾಕ್ಟರು ಕಿವಿ ನೋಡಿ ಮೊದಲು ಕೇಳಿದ್ದು, ‘ಇದು ಬಿಸಿಲಲ್ಲಿ ಮಲಗುತ್ತಾ?’ ಅಂತ. ಬಿಳಿ ಬೆಕ್ಕಿನ ಕಿವಿ ತುದಿಯಲ್ಲಿ ಕೂದಲು ತೆಳು, ಚರ್ಮಕ್ಕೆ ಬಣ್ಣದ ರಕ್ಷಣೆ ಇಲ್ಲ. ವರ್ಷಗಟ್ಟಲೆ ಬಿಸಿಲು ಬಿದ್ದು ಅಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಮೂಗಿನ ತುದಿ, ಕಣ್ಣಿನ ರೆಪ್ಪೆಯಲ್ಲೂ ಬರಬಹುದು. ಕಪ್ಪು ಬೆಕ್ಕಿಗೆ ಈ ತೊಂದರೆ ಬಹಳ ಕಮ್ಮಿ. ಇದರ ಹೆಸರು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಕಿವಿಯಲ್ಲಿದ್ದಾಗಲೇ ಹಿಡಿದರೆ, ರೋಗ ಬಂದ ಭಾಗವನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಸಮೇತ ಕತ್ತರಿಸಿದರೆ ಬಹಳಷ್ಟು ಸಲ ಗುಣವಾಗುತ್ತದೆ. ಬಿಟ್ಟರೆ ಒಳಗೆ ಇಳಿಯುತ್ತದೆ.

‘ಎತ್ತಿಗೆ ಬರೋ ಕೊಂಬಿನ ಕ್ಯಾನ್ಸರ್, ಎಚ್.ಎಫ್. ಹಸುವಿನ ಬಿಳಿ ರೆಪ್ಪೆಗೆ ಬರೋ ಕ್ಯಾನ್ಸರ್, ಹೊಗೆಸೊಪ್ಪು ತಿನ್ನೋರ ಬಾಯಿ ಕ್ಯಾನ್ಸರ್, ಹೆಚ್ಚಾಗಿ ಎಲ್ಲಾ ಇದೇ ಜಾತಿ’ ಅಂದರು ಡಾಕ್ಟರು. ಆ ಮಾತು ತಲೆಯಲ್ಲಿ ಉಳಿಯಿತು.

ಆಪರೇಷನ್‌ಗೆ ಮತ್ತೊಂದು ದಿನ ಕೊಟ್ಟರು. ಅರವಳಿಕೆ ಕೊಟ್ಟು ಅರ್ಧ ಕಿವಿ ತೆಗೆದರು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದರು.

ಆಪರೇಷನ್ ಒಂದು ಗಳಿಗೆಯ ಕೆಲಸ. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಕೆರೆದುಕೊಳ್ಳದಿರಲಿ ಅಂತ ಕುತ್ತಿಗೆಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರು. ಬೆಳ್ಳಿ ಬಾಗಿಲಿಗೆ, ಒಲೆಕಟ್ಟೆಗೆ, ಬಿಂದಿಗೆಗೆಲ್ಲ ಡಿಕ್ಕಿ ಹೊಡೆಯುತ್ತಿತ್ತು. ಎರಡು ದಿನ ಏನೂ ಮುಟ್ಟಲಿಲ್ಲ. ಉಪ್ಪು, ಖಾರ, ಈರುಳ್ಳಿ ಏನೂ ಹಾಕದೆ ಬೇಯಿಸಿದ ಮೀನನ್ನು ಬೆರಳ ತುದಿಯಲ್ಲಿ ಮೂಗಿನ ಹತ್ತಿರ ಹಿಡಿದಾಗ ಮೂರನೇ ದಿನ ನೆಕ್ಕಿತು. ಈರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ ಅಂತ ಗೊತ್ತಾದದ್ದು ಆಗಲೇ.

ರಾತ್ರಿ ನೋವಿಗೆ ಮುಲುಗುತ್ತಿದ್ದುದನ್ನು ಕೇಳಿ ಪಕ್ಕದ ಮನೆಯವರು, ‘ಕಾಲು ಭಾಗ ಪ್ಯಾರಾಸಿಟಮಾಲ್ ಅರೆದು ಕುಡಿಸಿ’ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಮಗೆ ಜ್ವರ ಇಳಿಸುವ ಮಾತ್ರೆ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಕೊಲ್ಲಬಹುದು. ಇಷ್ಟೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಹೊಲಿಗೆ ಬಿಚ್ಚಿದ ದಿನ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು, ಆದರೆ ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿಲ್ಲ. ಬಲಗಿವಿ, ಮೂಗು ನೋಡುತ್ತಾ ಇರಿ, ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಬಿಡಬೇಡಿ ಅಂದರು. ಹಂಚು ಹತ್ತುವ ಬೆಕ್ಕನ್ನು ಹಿಡಿದಿಡುವುದು ಸುಲಭವಲ್ಲ. ಅಟ್ಟದ ಮೇಲೆ ಗೋಣಿಚೀಲ ಹಾಸಿ, ಆ ಹೊತ್ತಿಗೆ ಬಾಗಿಲು ಹಾಕುತ್ತೇವೆ. ದಿನಾ ಬೈಗುಳ ಅದರದ್ದು.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳುತ್ತಿದ್ದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ಕೊಂಬಿನ ಮಾತು ಬಂದಾಗ, ‘ನಿಮ್ ತಾತನ ಕಾಲದಾಗೆ ಒಂದೆತ್ತು ತಲೆ ವಾಲುಸ್ಕೊಂಡೇ ನಿಂತ್ಕತಿತ್ತು. ಮೂಗಲ್ಲಿ ರಕ್ತ ಬರೋದು. ಕೊಂಬು ಅಲ್ಲಾಡಕ್ಕೆ ಶುರುವಾದ್ಮೇಲೆ ಯಾರೂ ಉಳಿಸ್ಕೊಳ್ಳಕ್ಕಾಗ್ಲಿಲ್ಲ’ ಅಂದರು. ಬಾಯಿ ಕ್ಯಾನ್ಸರ್ ಮಾತಿಗೆ ಏನೂ ಅನ್ನಲಿಲ್ಲ. ಎದ್ದು ಹೊರಗೆ ಹೋಗಿ ಉಗಿದು ಬಂದರು.

ಮೂರು ದಿನ ಬಿಟ್ಟು, ರಾತ್ರಿ ನಾನು ಬೆಳ್ಳಿಯ ಕಿವಿಗೆ ಟಾರ್ಚ್ ಹಿಡಿದು ನೋಡುತ್ತಿದ್ದಾಗ ಹತ್ತಿರ ಬಂದು ಕೂತರು. ‘ಮಗಾ, ನನ್ ಬಾಯಾಗೂ ಒಂದೈತೆ, ನೋಡು.’

ಕೆನ್ನೆಯ ಒಳಗೆ ಬೆಳ್ಳಗೆ ಒಂದು ಮಚ್ಚೆ, ಅದರ ಪಕ್ಕ ಹುಣ್ಣು. ‘ಯಾವಾಗಿಂದ?’ ಅಂದೆ. ‘ದೀಪಾವಳಿಗೂ ಮುಂಚಿಂದ.’

ಬೆಕ್ಕಿನ ಕಿವಿ ಸಂಕ್ರಾಂತಿಯಿಂದ ನಮ್ಮ ಕಣ್ಣಿಗೆ ಬಿದ್ದಿತ್ತು. ಅದೇ ಮನೆಯಲ್ಲಿ, ಅದೇ ಒಲೆ ಮುಂದೆ, ಖಾರ ತಾಗಿದರೆ ಉರಿಯುತ್ತೆ ಅಂತ ಅಜ್ಜಿ ಬರೀ ಮಜ್ಜಿಗೆಯಲ್ಲಿ ಮುದ್ದೆ ಉಣ್ಣುತ್ತಿದ್ದುದು ಯಾರಿಗೂ ಕಂಡಿರಲಿಲ್ಲ. ‘ವಯಸ್ಸಾಯ್ತಲ್ಲ, ಊಟ ಕಮ್ಮಿಯಾಗಿದೆ’ ಅಂತ ಅಂದುಕೊಂಡಿದ್ದೆವು. ಆ ವಾರ ಮತ್ತೆ ಹಾಸನದ ಬಸ್ ಹತ್ತಿದೆ, ಈ ಸಲ ಅಜ್ಜಿ ಜೊತೆ. ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಲ್ಲ, ಆದರೆ ಹೀಗೇ ತಿನ್ನುತ್ತಿದ್ದರೆ ಮುಂದೆ ಆಗಬಹುದು ಅಂದರು. ಹೊಗೆಸೊಪ್ಪು ಪೂರಾ ಬಿಡಬೇಕು, ಅಡಿಕೆಯೂ ಒಳ್ಳೆಯದಲ್ಲ ಅಂದರು. ಹೊಗೆಸೊಪ್ಪು ಬಿಟ್ಟಿದ್ದಾರೆ. ಅಡಿಕೆ ಬಿಟ್ಟಿದ್ದೀನಿ ಅನ್ನುತ್ತಾರೆ. ಹಬ್ಬದ ದಿನ ನಾನೂ ಕೇಳಲು ಹೋಗುವುದಿಲ್ಲ.

‘ಮನುಷ್ಯರಿಗೇ ಗತಿ ಇಲ್ಲ’ ಅಂದವರಿಗೆ ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಇಷ್ಟು ಹೇಳಬಲ್ಲೆ: ಬೆಕ್ಕಿಗಾಗಲಿ, ಹಸುವಿಗಾಗಲಿ, ಮನೆಯ ಹಿರಿಯರಿಗಾಗಲಿ, ಎರಡು ವಾರ ದಾಟಿಯೂ ಮಾಯದ ಹುಣ್ಣು ಕಂಡರೆ ಅರಿಶಿನ ಹಚ್ಚಿ ಹಬ್ಬ ಎಣಿಸಬೇಡಿ. ತೋರಿಸಿ.

ಈಗ ತಿಂಗಳಿಗೊಮ್ಮೆ, ಭಾನುವಾರ ರಾತ್ರಿ, ಮೊಬೈಲ್ ಟಾರ್ಚ್ ಹಚ್ಚಿ ಇಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಬೆಳ್ಳಿ ಕೊಸರಾಡುತ್ತದೆ. ಅಜ್ಜಿ ಬಾಯಿ ಬಿಗಿಹಿಡಿದು, ‘ಮೊದ್ಲು ಅದುಕ್ ನೋಡು’ ಅನ್ನುತ್ತಾರೆ.